ಉತ್ತರ: ಹೌದು, ಇದೆ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಏಳನೇ ಕೇಂದ್ರ ಹದಿನಾಲ್ಕು ಮಿಲಿಮೀಟರ್ ದಕ್ಷಿಣಕ್ಕೆ ಜರುಗಿದೆ ಎಂಬ ಸುದ್ದಿ ಬಂತು. ತಂದವನು ಅನುಮಾನಪ್ಪ.

ಅದು ಕಚೇರಿಯವರು ಇಟ್ಟ ಹೆಸರು. ಗೋಡೆಯ ಗಡಿಯಾರ ಹತ್ತು ಗಂಟೆ ತೋರಿಸಿದರೆ ಅವನು ತನ್ನ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಅದೂ ಹತ್ತು ಎಂದರೆ ಪಕ್ಕದವರ ಕೈಗಡಿಯಾರಕ್ಕೆ ಇಣುಕುತ್ತಿದ್ದ. ಉಪಗ್ರಹಗಳ ಲೆಕ್ಕ ಹಾಕುವವನಿಗೆ ಇರಬೇಕಾದ ಗುಣವೇ ಹೌದು, ಆದರೆ ಪಕ್ಕದ ಮೇಜಿನವರಿಗೆ ಅದು ತಲೆನೋವು. ಪಕ್ಕದ ಮೇಜು ಮಿಲಿಮೀಟರ್ ಅಕ್ಕನದು.

ಅವಳಿಗೂ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಚೇರಿಗೆ ಹೊಸ ಬೀರು ತಂದ ದಿನ, ಇದು ಬಾಗಿಲಲ್ಲಿ ಹೋಗೋದಿಲ್ಲ, ಮೂರು ಮಿಲಿಮೀಟರ್ ಹೆಚ್ಚಾಗುತ್ತೆ ಎಂದು ಕಣ್ಣಳತೆಯಲ್ಲೇ ಹೇಳಿದ್ದಳು. ನಾಲ್ಕು ಜನ ಅರ್ಧ ಗಂಟೆ ನೂಕಿ, ಬೆವರು ಒರೆಸಿಕೊಂಡು, ಕೊನೆಗೆ ಬಾಗಿಲ ಚೌಕಟ್ಟಿನ ಪಟ್ಟಿಯನ್ನು ಕಿತ್ತು ಬೀರುವನ್ನು ಒಳಗೆ ತಂದರು. ಅವತ್ತಿನಿಂದ ಅವಳು ಎಲ್ಲರಿಗೂ ಮಿಲಿಮೀಟರ್ ಅಕ್ಕ. ಅಳತೆಯ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಅವಳು ಸಹಿ ಹಾಕಿದ ಒಂದು ಅಂಕಿಯೂ ವಾಪಸ್ ಬಂದಿರಲಿಲ್ಲ.

ಅವಳ ಕೆಲಸ ಏನೆಂಬುದನ್ನು, ಒಮ್ಮೆ ಅತ್ತೆ ಕೇಳಿದಾಗ ಅವಳು ಹೇಳಿದ ಮಾತಿನಲ್ಲೇ ಹೇಳಬಹುದು. ದಾರಿ ತೋರಿಸುವ ಉಪಗ್ರಹಗಳು ಈಗಾಗಲೇ ಎರಡು ಬಗೆಯ ಸಿಗ್ನಲ್ ಕಳಿಸುತ್ತಿವೆ. ಹೊಸದಾಗಿ ಹಾರಿಸಿದ ಐದು ಉಪಗ್ರಹಗಳು ಆರು ವಾರದಿಂದ ಮೂರನೇ ಬಗೆಯೊಂದನ್ನು ಕಳಿಸಲು ಶುರುಮಾಡಿವೆ. ಅದನ್ನು ನಂಬಬಹುದೇ? ಬೀದಿಗೆ ಹೊಸಬನೊಬ್ಬ ದಾರಿ ತೋರಿಸುತ್ತೇನೆ ಎಂದು ಬಂದರೆ, ಮೊದಲು ನಮ್ಮ ಮನೆ ಎಲ್ಲಿದೆ ಹೇಳಪ್ಪಾ ಎಂದು ಅವನನ್ನೇ ಕೇಳಬೇಕು. ಏಕೆಂದರೆ ಅದರ ಉತ್ತರ ನಮಗೆ ಮೊದಲೇ ಗೊತ್ತು. ಒಂಬತ್ತು ನಿಗಾ ಕೇಂದ್ರಗಳು ಅಂಥ ಒಂಬತ್ತು ಮನೆಗಳು. ಒಂದೊಂದರ ಜಾಗವೂ ಮಿಲಿಮೀಟರಿನವರೆಗೆ ಗೊತ್ತಿದೆ. ಛಾವಣಿಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಆಂಟೆನಾ, ಕೆಳಗಿನ ಕೋಣೆಯಲ್ಲಿ ರಿಸೀವರ್, ನೋಡಿಕೊಳ್ಳಲು ಆ ಕಟ್ಟಡದಲ್ಲೇ ಬೇರೆ ಕೆಲಸದಲ್ಲಿರುವ ಒಬ್ಬ ಪಾಲಕರು. ಹೊಸ ಸಿಗ್ನಲ್ ಹೇಳುವ ಜಾಗಕ್ಕೂ ನಿಜವಾದ ಜಾಗಕ್ಕೂ ಐದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಕೂಡದು.

"ಏಳನೇದನ್ನ ಕೈಬಿಡೋದೇ ಒಳ್ಳೇದು ಅಕ್ಕಾ," ಅಂದ ಅನುಮಾನಪ್ಪ.

"ಹಳೇ ಎರಡು ಸಿಗ್ನಲ್ ಏನಂತಿವೆ?"

"ಕೇಂದ್ರ ಇದ್ದಲ್ಲೇ ಇದೆ ಅಂತಿವೆ."

"ಹೊಸದು?"

"ಹದಿನಾಲ್ಕು, ದಕ್ಷಿಣಕ್ಕೆ. ಆರು ವಾರದ ಸರಾಸರಿ ಇವತ್ತು ತೆಗೆದೆ. ದಿನಾ ಅಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

"ಬೇರೆ ಎಂಟು ಕಡೆ?"

"ಎಲ್ಲಾ ಎರಡರ ಒಳಗೆ."

"ಹಾಗಾದ್ರೆ ಸಿಗ್ನಲ್ ಚೆನ್ನಾಗಿದೆ. ಕಟ್ಟಡವೂ ಚೆನ್ನಾಗಿದೆ. ಅದು ಜರುಗಿದ್ರೆ ಹಳೇ ಸಿಗ್ನಲ್‌ಗಳೂ ಬಾಯಿಬಿಡ್ತಿದ್ವು. ಹೊಸದನ್ನ ಕಂಡಾಗ ಮಾತ್ರ ಕಟ್ಟಡ ನಾಚಿಕೊಂಡು ಹಿಂದೆ ಸರಿಯುತ್ತಾ?"

"ಅದೇ ಅನುಮಾನ."

"ನಿನಗೆ ಯಾವುದರ ಮೇಲಿಲ್ಲ ಹೇಳು."

ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರು ಅಳೆದು ಮಾತಾಡುವ ಮನುಷ್ಯ. ಅಂಕಿಗಳನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೋಮವಾರ ತೊಂಬತ್ತು ದಿನದ ಪರೀಕ್ಷೆ ಶುರು. ಕೇಂದ್ರಗಳ ಪಟ್ಟಿಗೆ ಶುಕ್ರವಾರ ನಾಲ್ಕು ಗಂಟೆಗೆ ಮೊಹರು. ಅಷ್ಟರೊಳಗೆ ಕಾರಣ ಸಾಬೀತಾಗಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಎಂಟೇ."

"ಸರ್, ಏಳನೇದು ದಕ್ಷಿಣದ ತುದಿಯ ಕೇಂದ್ರ. ಉಪಗ್ರಹ ದಕ್ಷಿಣದ ದಿಗಂತದಲ್ಲಿ ಹುಟ್ಟಿದ ಮೇಲೆ ಮೊದಲ ನಲವತ್ತು ನಿಮಿಷ ಅದಕ್ಕೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ. ಅದನ್ನ ತೆಗೆದ್ರೆ ಆ ನಲವತ್ತು ನಿಮಿಷ ನಾವು ಕಣ್ಣುಮುಚ್ಚಿಕೊಂಡಂಗೆ."

"ಗೊತ್ತು. ನಿಯಮವೂ ಗೊತ್ತು. ಕಟ್ಟಡದ ದೋಷ ಆದರೆ ಹೊರಗೆ. ಪಾಲಕರ ತಪ್ಪಾದರೆ ಆರು ತಿಂಗಳು ಹೊರಗೆ. ನಮ್ಮ ಕಚೇರಿಯ ತಪ್ಪಾದರೆ ಸರಿಮಾಡಿ ಒಳಗೆ. ತಪ್ಪು ಮಾಡಿದವರ ಸಹಿ ಒಂದು ವರ್ಷ ಒಂಟಿಯಾಗಿ ನಡೆಯೋದಿಲ್ಲ, ಇನ್ನೊಬ್ಬರು ಜೊತೆಗೆ ಹಾಕಬೇಕು." ಮುಖ್ಯಸ್ಥರು ಅವಳ ಕಡೆ ನೋಡಿ ನಕ್ಕರು. "ನೀವಿರೋವಾಗ ಆ ಮೂರನೇದರ ಮಾತೇ ಬರಲ್ಲ ಬಿಡಿ. ಕೋಪ ಮಾಡ್ಕೋಬೇಡಿ, ಕಾರಣ ತನ್ನಿ."

"ಕೋಪ ಏನಿಲ್ಲ ಸರ್."

"ಪೆನ್ನಿನ ಕ್ಯಾಪು ಮುರಿದಿದ್ದೀರಿ, ನೋಡ್ಕೊಳ್ಳಿ."

ಏಳನೇ ಕೇಂದ್ರ ಒಂದು ನೀರು ಶುದ್ಧೀಕರಣ ಘಟಕದ ಪಂಪ್‌ಹೌಸಿನ ಮೇಲಿತ್ತು. ಪಂಪುಗಳ ನಡುಕ ಛಾವಣಿಗೆ ತಾಕುತ್ತದೆ, ಬೇಡ ಎಂದು ಮೂರು ವರ್ಷದ ಹಿಂದೆ ಎಲ್ಲರೂ ಹೇಳಿದ್ದರು. ಅವಳು ಎರಡು ವಾರ ಅಲ್ಲೇ ಕೂತು ನಡುಕವನ್ನೂ ಅಳೆದು, ಕಂಬದ ಬುಡಕ್ಕೆ ಬೇರೆ ಅಡಿಪಾಯ ಹಾಕಿಸಿ, ಹಟ ಹಿಡಿದು ಒಪ್ಪಿಸಿದ್ದಳು. ಪಂಪ್ ನಡೆಸುವ ಹಿರಿಯರೇ ಪಾಲಕರಾದರು. ಅವಳು ಅವರನ್ನು ಪಂಪಣ್ಣ ಎನ್ನುತ್ತಿದ್ದಳು, ಅವರು ಅವಳನ್ನು ಮಿಲಿಮೀಟರ್ ತಂಗಿ ಎನ್ನುತ್ತಿದ್ದರು. "ಮೂವತ್ತು ವರ್ಷ ನೀರು ಕೆಳಗೆ ಹೋಗೋದನ್ನೇ ನೋಡಿದೆ ತಂಗೀ," ಎಂದಿದ್ದರು ಮೊದಲ ದಿನ, "ಇನ್ನು ಮೇಲಿಂದ ಏನಾದ್ರೂ ಬರೋದನ್ನ ನೋಡೋಣ." ದಿನಾ ಬೆಳಿಗ್ಗೆ ಆರಕ್ಕೆ ಏಣಿ ಹತ್ತಿ ಆಂಟೆನಾದ ಮೇಲಿನ ಹಕ್ಕಿ ಹಿಕ್ಕೆ ಒರೆಸುವುದು ಅವರು ತಾವೇ ಹಾಕಿಕೊಂಡ ನೇಮ. ಅಂಥವರ ಕೇಂದ್ರದ ಮುಂದೆ 'ಅನರ್ಹ' ಎಂದು ಬರೆಯಲು ಅವಳು ಸಿದ್ಧಳಿರಲಿಲ್ಲ.

ಕಡತ ತೆಗೆದಳು. ಮೂರು ವರ್ಷದಲ್ಲಿ ನಡೆದದ್ದು ಒಂದೇ ಘಟನೆ. ನಾಲ್ಕು ತಿಂಗಳ ಹಿಂದೆ ಸೋರದಂತೆ ಛಾವಣಿಗೆ ಡಾಂಬರು ಬಳಿದಿದ್ದರು. ಅದಕ್ಕಾಗಿ ಪಂಪಣ್ಣ ಆಂಟೆನಾ ಬಿಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ಕೂರಿಸಿ, ನಮೂನೆ ತುಂಬಿ ಕಳಿಸಿದ್ದರು. ಆಗ ಹೊಸ ಸಿಗ್ನಲ್ ಇನ್ನೂ ಶುರುವಾಗಿರಲಿಲ್ಲ. ಹಾಗಾಗಿ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸಿ ನೋಡುವ ದಾರಿಯೂ ಇರಲಿಲ್ಲ. ನಮೂನೆಯ ಕೆಳಗೆ 'ಪರಿಶೀಲಿಸಿದೆ' ಎಂದು ಅವಳದೇ ಸಹಿ. ಫೋನ್ ಮಾಡಿದಳು.

"ಅಣ್ಣಾ, ಆಂಟೆನಾ ವಾಪಸ್ ಕೂರಿಸಿದಾಗ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ನಿನ್ನ ಕಾಗದ ಏನು ಕೇಳ್ತೋ ಎಲ್ಲಾ ಬರೆದೆ ತಂಗೀ. ಎತ್ತರ ಮೂರು ಸಲ ಅಳೆದೆ. ಒಂದು ಸಾಲೂ ಖಾಲಿ ಬಿಟ್ಟಿಲ್ಲ."

"ಬಿಟ್ಟಿಲ್ಲ ಅಣ್ಣಾ, ನನ್ನ ಮುಂದೇನೇ ಇದೆ."

"ಮತ್ತೇನು, ಏಳನೇದನ್ನ ತೆಗೀತಾರಂತಾ?"

"ಶುಕ್ರವಾರದವರೆಗೆ ಟೈಮ್ ಇದೆ ಅಣ್ಣಾ."

"ಆಯ್ತು, ನೀನು ನೋಡ್ಕೋತೀಯ," ಎಂದು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆಯವರೆಗೆ ಕೇಬಲ್ಲು, ರಿಸೀವರು, ಅದರ ಒಳಗಿನ ಗಡಿಯಾರ ಎಲ್ಲವನ್ನೂ ಜಾಲಾಡಿದಳು. ಏನೂ ಸಿಗಲಿಲ್ಲ. ನಮೂನೆಯ ಜೆರಾಕ್ಸ್ ಪ್ರತಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಊಟದ ಮೇಜಿಗೆ ಮೂರು ಕುರ್ಚಿ. ಒಂದರಲ್ಲಿ ಅವಳ ಗಂಡ. ಮೂಲೆಯಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಇನ್ನೊಂದರಲ್ಲಿ ಅತ್ತೆ, ಮೂವತ್ತೈದು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ಈಗ ತಿದ್ದಲು ಮಕ್ಕಳ ಪತ್ರಿಕೆಗಳಿಲ್ಲದ್ದರಿಂದ ವಾರಪತ್ರಿಕೆಯ ಪದಬಂಧವನ್ನು ಕೆಂಪು ಪೆನ್ಸಿಲಿನಲ್ಲಿ ತುಂಬುತ್ತಿದ್ದರು.

"ಊಟ ಆರ್ತಿದೆ ಕಣೇ," ಅಂದರು ಅತ್ತೆ, ಪತ್ರಿಕೆಯಿಂದ ತಲೆ ಎತ್ತದೆ.

"ತಿಂತೀನಿ ಅತ್ತೆ."

"ತಟ್ಟೆ ನೋಡಿದ್ರೆ ಹೊಟ್ಟೆ ತುಂಬಲ್ಲ."

ಸ್ವಲ್ಪ ಹೊತ್ತಿಗೆ ಅತ್ತೆ ಪತ್ರಿಕೆಯನ್ನು ಮೆಲ್ಲಗೆ ತಿರುಗಿಸತೊಡಗಿದರು. ಗಂಡ ಅದನ್ನು ಕಂಡ.

"ಅಮ್ಮಾ, ಕಳ್ಳಾಟ ಬೇಡ."

"ಕಳ್ಳಾಟ ಏನೋ? ಒಂದೇ ಒಂದು ಪದ. ಈ ಉತ್ತರ ಯಾಕೆ ಹೀಗೆ ತಲೆಕೆಳಗಾಗಿ ಹಾಕ್ತಾರೋ! ಕುತ್ತಿಗೆ ಉಳುಕಿಹೋಗುತ್ತೆ."

ಅವಳ ಕೈಯ ತುತ್ತು ತಟ್ಟೆಗೆ ವಾಪಸ್ ಬಿತ್ತು. "ಏನಂದ್ರಿ ಅತ್ತೆ?"

"ಕುತ್ತಿಗೆ ಉಳುಕುತ್ತೆ ಅಂದೆ."

"ಅದಕ್ಕೆ ಮುಂಚೆ."

"ಉತ್ತರ ತಲೆಕೆಳಗಾಗಿದೆ ಅಂದೆ. ಯಾಕೆ, ಏನಾಯ್ತು ಇವಳಿಗೆ?"

ಅವಳು ಎಡಗೈಯಲ್ಲೇ ಚೀಲದಿಂದ ನಮೂನೆಯ ಪ್ರತಿ ತೆಗೆದು ಅತ್ತೆಯ ಮುಂದಿಟ್ಟಳು. "ಇದನ್ನ ಜೋರಾಗಿ ಓದಿ, ಕೊನೇ ಎರಡು ಸಾಲು."

ಅತ್ತೆ ಪಾಠ ಓದಿಸುವ ದನಿಯಲ್ಲಿ ಓದಿದರು. "ರಸಮಟ್ಟದ ಗುಳ್ಳೆ ನಡುವೆ ಇದೆಯೇ? ಅದರ ಕೆಳಗೆ, ಉತ್ತರ, ಎರಡು ಚುಕ್ಕೆ. ಹೌದು, ಇದೆ." ತಲೆಯಾಡಿಸಿದರು. "ಅಕ್ಷರ ದುಂಡಗಿದೆ. ಪೂರ್ತಿ ಅಂಕ."

"ಮೊದಲನೇ ಸಾಲಿನ ಪಕ್ಕದಲ್ಲೂ ಏನೋ ಬರೆದಿದಾರಲ್ಲ?"

"ಅಲ್ಲಿ ಒಂದು 'ಸರಿ' ಗುರುತು ಹಾಕಿದಾನೆ. ಪ್ರಶ್ನೆಗೆ ಗುರುತು, ಕೆಳಗೆ ಉತ್ತರ. ಇನ್ನೇನು ಬೇಕು? ಜಾಣ ಹುಡುಗ."

"ಹುಡುಗನಿಗೆ ಐವತ್ತೆಂಟು ವರ್ಷ ಅತ್ತೆ. ಅದು ಆ ಪ್ರಶ್ನೆಯ ಉತ್ತರ ಅಲ್ಲ. ಉತ್ತರ ದಿಕ್ಕು."

ಅತ್ತೆ ಕನ್ನಡಕವನ್ನು ಮೂಗಿನ ಮೇಲೆ ಜಾರಿಸಿ ಸೊಸೆಯನ್ನು ನೋಡಿದರು. "ದಿಕ್ಕು ಅಂತ ಎಲ್ಲಿದೆ? ಈ ಪ್ರಶ್ನೆಪತ್ರಿಕೆ ತಯಾರಿಸಿದ್ದು ಯಾರು?"

"ನಾನು."

ನಮೂನೆ ಮೊದಲು ಎರಡು ಪುಟ ಇತ್ತು. ಓದಲು ಉದ್ದವಾಯಿತು ಎಂದು ಪಾಲಕರು ಗೊಣಗಿದ್ದರು. ಆರು ತಿಂಗಳ ಹಿಂದೆ ಅವಳೇ ಕೂತು ಅದನ್ನು ಒಂದು ಪುಟಕ್ಕೆ ಇಳಿಸಿದ್ದಳು. 'ಆಂಟೆನಾದ ಅಂಚಿನ ಬಾಣದ ಗುರುತು ಉತ್ತರ ದಿಕ್ಕಿಗೆ ಮುಖ ಮಾಡಿದೆಯೇ, ಎಷ್ಟು ಡಿಗ್ರಿ ವ್ಯತ್ಯಾಸವಿದೆ' ಎಂಬ ಸಾಲು 'ಉತ್ತರ:' ಎಂಬ ಒಂದೇ ಪದವಾಗಿತ್ತು. ಜಾಗ ಉಳಿಸಲು ಸಾಲುಗಳ ಸಂಖ್ಯೆಯನ್ನೂ ತೆಗೆದಿದ್ದಳು. ಹೊತ್ತು ಹೊತ್ತಿಗೂ ದಿಕ್ಕು ನೋಡುವವಳಿಗೆ ಆ ಪದಕ್ಕೆ ಇನ್ನೊಂದು ಅರ್ಥವಿದೆ ಎಂದು ಹೊಳೆದಿರಲೇ ಇಲ್ಲ. 'ಹೌದು, ಇದೆ' ಎಂದು ತುಂಬಿ ಬಂದಾಗ, ಬಾಣ ಉತ್ತರಕ್ಕೇ ಇದೆ ಎಂದು ಓದಿಕೊಂಡು ಸಹಿ ಹಾಕಿದ್ದಳು. ಹೊಸ ನಮೂನೆ ಬಳಕೆಯಾಗಿದ್ದು ಆ ಒಂದೇ ಸಲ. ಬೇರೆ ಎಂಟು ಆಂಟೆನಾಗಳನ್ನು ಕೂರಿಸಿದ್ದು ಅವಳದೇ ಕೈ.

ಅವಳು ತಟ್ಟೆಯನ್ನು ಮೇಜಿನ ನಡುವೆ ತಳ್ಳಿದಳು. ಅಂಚಿನಲ್ಲಿ ಚಿಟಿಕೆ ಉಪ್ಪಿತ್ತು. "ಇದು ಆಂಟೆನಾ. ಉಪ್ಪಿರೋದು ಬಾಣದ ಗುರುತು. ಹಳೇ ಸಿಗ್ನಲ್‌ಗಳನ್ನ ಇದು ಸರಿಯಾಗಿ ನಡುವೇನೇ ಹಿಡಿಯುತ್ತೆ. ಹೊಸದನ್ನ ಹಿಡಿಯೋದು ನಡುವಿನಿಂದ ಏಳು ಮಿಲಿಮೀಟರ್ ಬಾಣದ ಕಡೆಗೆ. ಬಾಣ ಉತ್ತರಕ್ಕಿದೆ ಅಂತ ನಂಬಿ ಲೆಕ್ಕದಲ್ಲಿ ಏಳು ಕಳೀತೀವಿ." ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಉಪ್ಪು ಅವಳ ಕಡೆಯಿಂದ ಗಂಡನ ಕಡೆಗೆ ಹೋಯಿತು. "ಬಾಣ ದಕ್ಷಿಣಕ್ಕಿದ್ರೆ? ಮೊದಲೇ ಏಳು ಆ ಕಡೆ ಹೋಗಿರುತ್ತೆ. ನಾವು ಮೇಲೆ ಇನ್ನೇಳು ಕಳೀತೀವಿ."

"ಹದಿನಾಲ್ಕು," ಅಂದ ಗಂಡ. "ಗಾಜನ್ನ ಚೌಕಟ್ಟಿಗೆ ತಲೆಕೆಳಗಾಗಿ ಕೂರಿಸಿದ ಹಾಗೆ. ಗಾಜೂ ಚೆನ್ನಾಗಿರುತ್ತೆ, ಕಣ್ಣೂ ಚೆನ್ನಾಗಿರುತ್ತೆ, ಮೆಟ್ಟಿಲು ಮಾತ್ರ ಎಡವುತ್ತೆ."

ಅಷ್ಟರಲ್ಲಿ ಅತ್ತೆ ಕೆಂಪು ಪೆನ್ಸಿಲಿನಿಂದ ನಮೂನೆಯ ಅಂಚಿನಲ್ಲಿ ಬರೆದಿದ್ದರು: 'ಪ್ರಶ್ನೆ ಸ್ಪಷ್ಟವಾಗಿಲ್ಲ. ಐದಕ್ಕೆ ಎರಡು.'

"ಎರಡಾದ್ರೂ ಯಾಕೆ ಅತ್ತೆ?"

"ಕಾಗದ ಅಚ್ಚುಕಟ್ಟಾಗಿದೆ."

ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣದಿಂದಲೇ ಅನುಮಾನಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಇರಬಹುದು ಅಕ್ಕಾ. ಆದ್ರೆ ನೀವು ಹೋಗಿ ಬಾಣ ಉತ್ತರಕ್ಕೆ ತಿರುಗಿಸ್ತೀರಿ, ವ್ಯತ್ಯಾಸ ಸೊನ್ನೆಗೆ ಬರುತ್ತೆ ಅಂತಿಟ್ಕೊಳ್ಳಿ. ತಿರುಗಿಸಿದ್ದಕ್ಕೇ ಬಂತು ಅಂತ ಹೇಗೆ? ಬಿಚ್ಚುವಾಗ ಕೇಬಲ್ ಅಲ್ಲಾಡಿ ಸರಿಹೋಗಿರಬಹುದು. ಮುಖ್ಯಸ್ಥರು ಕೇಳದೇ ಇದ್ರೂ ನಾನು ಕೇಳ್ತೀನಿ."

ಅವಳು ಇದನ್ನು ನಿರೀಕ್ಷಿಸಿದ್ದಳು. "ಪುಸ್ತಕ ತಗೋ. ಬರ್ಕೋ, ಟೈಮ್ ಹಾಕಿ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಬಾಣವನ್ನ ಪೂರ್ವಕ್ಕೆ ತಿರುಗಿಸ್ತೀನಿ, ಉತ್ತರಕ್ಕಲ್ಲ. ಒಂದು ದಿನ ಹಾಗೇ ಬಿಡ್ತೀನಿ. ನನ್ನ ಮಾತು ನಿಜ ಆದ್ರೆ ನಾಳೆ ನಿನ್ನ ಲೆಕ್ಕದಲ್ಲಿ ಪೂರ್ವಕ್ಕೆ ಏಳು, ದಕ್ಷಿಣಕ್ಕೆ ಏಳು ಬರಬೇಕು. ಆಮೇಲೆ ಉತ್ತರಕ್ಕೆ ತಿರುಗಿಸ್ತೀನಿ, ಶುಕ್ರವಾರ ಸೊನ್ನೆ ಬರಬೇಕು."

"ಕೇಬಲ್ ಅಲ್ಲಾಡಿದ್ರೆ ಪೂರ್ವಕ್ಕೆ ಏಳು ಬರಲ್ಲ," ಅಂದ ಅವನು, ನಿಧಾನವಾಗಿ. ಪೆನ್ನಿನ ಸದ್ದು ಕೇಳಿಸಿತು. "ಬೆಳಿಗ್ಗೆ ಆರು ಹನ್ನೊಂದು ಅಂತ ಹಾಕ್ಲಾ, ಆರು ಹನ್ನೆರಡು ಅಂತ ಹಾಕ್ಲಾ?"

"ನಿನ್ನ ಗಡಿಯಾರ ಏನಂತಿದೆಯೋ ಅದು."

ಬಸ್ಸು ನಾಲ್ಕು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಘಟಕದ ಗೇಟಿನಲ್ಲೇ ಪಂಪಣ್ಣ ನಿಂತಿದ್ದರು. ಒಗೆದು ಇಸ್ತ್ರಿ ಮಾಡಿದ ನೀಲಿ ಅಂಗಿ, ಕಿಸೆಯಲ್ಲಿ ಒರೆಸುವ ಬಟ್ಟೆ. ಇಬ್ಬರೂ ಏಣಿ ಹತ್ತಿದರು. ಛಾವಣಿಯ ಡಾಂಬರು ಬಿಸಿಲಿಗೆ ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು, ಪಂಪುಗಳ ಗುಂಯ್ ಎಂಬ ಸದ್ದು ಅಂಗಾಲಿಗೆ ತಾಕುತ್ತಿತ್ತು. ಆಂಟೆನಾ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಅಂಚಿನ ಪುಟ್ಟ ಬಾಣ ನೀರು ತಿಳಿಗೊಳ್ಳಲು ನಿಲ್ಲಿಸುವ ತೊಟ್ಟಿಯ ಕಡೆ ನೋಡುತ್ತಿತ್ತು. ತೊಟ್ಟಿ ಇರುವುದು ದಕ್ಷಿಣಕ್ಕೆ.

"ಬಾಣ ನೋಡಿದ್ರಾ ಅಣ್ಣಾ, ಕೂರಿಸುವಾಗ?"

"ನೋಡಿದೆ. ಅದರ ಕೆಳಗೇ ಕೇಬಲ್ ಬರುತ್ತಲ್ಲ, ಕೇಬಲ್ ಈ ಕಡೆ ಅಂತ ಬಾಣ ಅಂದ್ಕೊಂಡೆ. ಡಾಂಬರಿನವರು ಕೇಬಲ್ ಇಳಿಯೋ ಪೈಪನ್ನ ತೊಟ್ಟಿ ಕಡೆಗೆ ಬದಲಾಯಿಸಿದ್ರು. ಕೇಬಲ್ ಉಜ್ಜದೇ ಇರಲಿ ಅಂತ ನಾನೂ ಆ ಕಡೆಗೇ ತಿರುಗಿಸಿದೆ." ಅವರು ಅವಳ ಮುಖ ನೋಡಿದರು. ಮೂವತ್ತು ವರ್ಷ ಯಂತ್ರದ ಸದ್ದು ಕೇಳಿಯೇ ಅದರ ಕಾಯಿಲೆ ಗುರುತಿಸಿದವರಿಗೆ ಇದು ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. "ಅದೇನಾ?"

"ಅದೇ."

ಪಂಪಣ್ಣ ಕಿಸೆಯಿಂದ ಬಟ್ಟೆ ತೆಗೆದು, ಒರೆಸಲು ಏನೂ ಇಲ್ಲದ ಆಂಟೆನಾವನ್ನು ಒರೆಸಿದರು. "ತಪ್ಪು ನಂದು ಅಂತ ಬರ್ಕೊಡ್ತೀನಿ ತಂಗೀ. ನನ್ನ ಮರ್ಯಾದೆ ಹೋದ್ರೆ ಹೋಗ್ಲಿ, ಕೇಂದ್ರ ಉಳೀಲಿ."

"ನೀವು ಬರೆದ್ರೆ ಕೇಂದ್ರ ಆರು ತಿಂಗಳು ಹೊರಗೆ ಹೋಗುತ್ತೆ. ನೀವು ಬರೆಯೋದೆಲ್ಲ ನಾಲ್ಕು ತಿಂಗಳ ಹಿಂದೇನೇ ಬರೆದಾಗಿದೆ ಅಣ್ಣಾ, ದುಂಡಗಿನ ಅಕ್ಷರದಲ್ಲಿ. ಈ ಸಲ ನಾನು ಬರೀತೀನಿ. ಸ್ಪ್ಯಾನರ್ ಕೊಡಿ."

ದಿಕ್ಸೂಚಿಯನ್ನು ಅವಳು ಹೊರಗೆ ತೆಗೆಯಲೂ ಇಲ್ಲ. ಕಬ್ಬಿಣದ ಸರಳು ತುಂಬಿದ ಛಾವಣಿಯ ಮೇಲೆ ಅದರ ಮುಳ್ಳು ನಂಬಿಕೆಗೆ ಅರ್ಹವಲ್ಲ. ದೂರದಲ್ಲಿ ಹಳೆಯ ಇಟ್ಟಿಗೆಗೂಡಿನ ಚಿಮಣಿಯೊಂದಿತ್ತು; ಅದರ ತುದಿ ಈ ಕಂಬದಿಂದ ಉತ್ತರಕ್ಕೆ ಎಷ್ಟು ಡಿಗ್ರಿ ಓರೆಯಲ್ಲಿದೆ ಎಂದು ಮೂರು ವರ್ಷದ ಹಿಂದೆಯೇ ಅಳೆದು ಇಟ್ಟಿದ್ದಳು. ಕೋನ ಅಳೆಯುವ ದುರ್ಬೀನನ್ನು ಚಿಮಣಿಯ ತುದಿಗೆ ಗುರಿಯಿಟ್ಟು, ಅಲ್ಲಿಂದ ಪೂರ್ವ ತೆಗೆದಳು. ಎತ್ತರ ಬದಲಾಗದಂತೆ ಕಂಬದ ಕೊರಳಿಗೆ ಬಿಗಿದ ಪಟ್ಟಿಯನ್ನಷ್ಟೇ ಸಡಿಲಿಸಿ ಆಂಟೆನಾವನ್ನು ಕಾಲು ಸುತ್ತು ತಿರುಗಿಸಿ ಬಿಗಿದಳು. ಎತ್ತರ ಅಳೆದಳು. ಪಂಪಣ್ಣ ಅಳೆದರು. ಇಬ್ಬರದೂ ಒಂದೇ ಬಂತು. ಆಗ ಹನ್ನೆರಡು ಗಂಟೆ.

ಪಂಪಣ್ಣನ ಮನೆ ಘಟಕದ ಆವರಣದಲ್ಲೇ ಇತ್ತು. ಅವರ ಹೆಂಡತಿ ಅವಳಿಗೆ ಹಾಸಿಗೆ ಹಾಕಿಕೊಟ್ಟು, "ಇವರು ನನ್ನ ಮುಖವನ್ನ ಅಷ್ಟು ಸಲ ನೋಡಿಲ್ಲಮ್ಮ, ಆ ತಟ್ಟೆಯನ್ನ ನೋಡ್ತಾರೆ," ಎಂದು ದೂರು ಕೊಟ್ಟರು. ಗುರುವಾರ ಬೆಳಿಗ್ಗೆ ಪೂರ್ತಿ ಅವಳು ಕೆಳಗಿನ ಕೋಣೆಯಲ್ಲಿ ರಿಸೀವರಿನ ಹಸಿರು ದೀಪ ನೋಡುತ್ತಾ ಕೂತಳು. ಹನ್ನೆರಡಕ್ಕೆ ಒಂದು ದಿನದ ದಾಖಲೆ ಪೂರ್ತಿಯಾಯಿತು. ಅನುಮಾನಪ್ಪನ ಲೆಕ್ಕ ಬರಲು ಇನ್ನೂ ಎರಡು ಗಂಟೆ ಬೇಕು. ಕಾದರೆ ಶುಕ್ರವಾರ ಎರಡು ಗಂಟೆ ಕಡಿಮೆ ಬೀಳುತ್ತದೆ.

"ಕಾಯೋದಿಲ್ವಾ?" ಅಂದರು ಪಂಪಣ್ಣ.

"ನನ್ನ ಮಾತು ಸುಳ್ಳಾಗಿದ್ರೆ ಕಾದ್ರೂ ಅಷ್ಟೇ ಅಣ್ಣಾ." ಏಣಿ ಹತ್ತಿ, ಚಿಮಣಿಗೆ ದುರ್ಬೀನು ಗುರಿಯಿಟ್ಟು, ಬಾಣವನ್ನು ಉತ್ತರಕ್ಕೆ ತಿರುಗಿಸಿ ಬಿಗಿದಳು. ಕೇಬಲ್ಲಿಗೆ ಪಂಪಣ್ಣ ಹಳೆಯ ರಬ್ಬರ್ ಕೊಳವೆ ತೊಡಿಸಿ, ಉಜ್ಜದಂತೆ ಕಂಬಕ್ಕೆ ಒಂದು ಸುತ್ತು ಸುತ್ತಿ ಕಟ್ಟಿದರು.

ಎರಡು ಹತ್ತಕ್ಕೆ ಫೋನ್ ಬಂತು. ಆ ಕಡೆ ಪುಸ್ತಕದ ಹಾಳೆ ತಿರುವುವ ಸದ್ದು.

"ಹೇಳಪ್ಪಾ, ಎಷ್ಟು ಬಂತು?"

"ಪೂರ್ವಕ್ಕೆ ಆರೂಮುಕ್ಕಾಲು. ದಕ್ಷಿಣಕ್ಕೆ ಏಳೂಕಾಲು. ನನ್ನ ಪುಸ್ತಕದಲ್ಲಿ ಏಳು, ಏಳು ಅಂತಿದೆ."

"ಅನುಮಾನ?"

"ಕಾಲು ಮಿಲಿಮೀಟರಿನಷ್ಟಿದೆ ಅಕ್ಕಾ."

ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಹೊರಟು ಮಧ್ಯಾಹ್ನ ಒಂದಕ್ಕೆ ಕಚೇರಿಗೆ ಬಂದಳು. ಊಟಕ್ಕೆ ಹೋಗದೆ, ಖಾಲಿ ನಮೂನೆಯ ಐದು ಪ್ರತಿ ತೆಗೆದು, ವಿಷಯ ಗೊತ್ತಿಲ್ಲದ ಐದು ಜನರ ಕೈಗೆ ಕೊಟ್ಟು, ನಿಮಗೆ ತೋಚಿದಂತೆ ತುಂಬಿ ಎಂದಳು. ಮೂವರು 'ಉತ್ತರ:' ಎಂಬುದರ ಮುಂದೆ 'ಹೌದು' ಎಂದು ಬರೆದರು. ಅಳತೆ ವಿಭಾಗದ ಒಬ್ಬ ಮಾತ್ರ ಡಿಗ್ರಿ ಬರೆದ. ಡ್ರೈವರ್ 'ಉತ್ತರ ಗೊತ್ತಿಲ್ಲ' ಎಂದು ಬರೆದಿದ್ದ. ಯಾವ ಉತ್ತರ ಎಂದು ಕೇಳಿದರೆ, "ಎರಡೂ ಗೊತ್ತಿಲ್ಲ ಮೇಡಂ," ಅಂದ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸಭೆ. ಉದ್ದ ಮೇಜಿನ ಒಂದು ತುದಿಯಲ್ಲಿ ಮುಖ್ಯಸ್ಥರು, ಅವರ ಮುಂದೆ ಪಟ್ಟಿ ಮತ್ತು ಮೊಹರು. ಗೋಡೆಯ ಪರದೆಯ ಮೇಲೆ ಒಂಬತ್ತು ಕೇಂದ್ರಗಳ ಒಂಬತ್ತು ಸಾಲು. ಅನುಮಾನಪ್ಪ ಎದ್ದು ಓದಿದ.

"ಬಾಣ ದಕ್ಷಿಣಕ್ಕಿದ್ದಾಗ ಹದಿನಾಲ್ಕು. ಪೂರ್ವಕ್ಕೆ ತಿರುಗಿಸಿದಾಗ ಮೊದಲೇ ಹೇಳಿದ ಅಂಕಿಗಳೇ ಬಂದಿವೆ. ಉತ್ತರಕ್ಕೆ ತಿರುಗಿಸಿದ ಮೇಲೆ ವ್ಯತ್ಯಾಸ ಒಂದು ಮಿಲಿಮೀಟರ್. ಕಾರಣ ಸಾಬೀತಾಗಿದೆ." ಕುಳಿತುಕೊಂಡು, ವರದಿಯನ್ನು ಮುಂದೆ ತಳ್ಳಿದ.

ಮುಖ್ಯಸ್ಥರು ಕಾರಣದ ಕಲಂ ಓದಿದರು. "'ಪಾಲಕರು ಆಂಟೆನಾವನ್ನು ತಪ್ಪು ದಿಕ್ಕಿಗೆ ಕೂರಿಸಿದ್ದು.' ಹಾಗಾದರೆ ಆರು ತಿಂಗಳು..."

"ಅದು ತಪ್ಪು ಸರ್," ಅಂದಳು ಅವಳು. ಎದ್ದು ಹೋಗಿ ಆ ಸಾಲಿನ ಮೇಲೆ ಒಂದು ನೇರ ಗೆರೆ ಎಳೆದಳು. "ನಡೆದದ್ದು ಅಷ್ಟೇ ಹೌದು, ಕಾರಣ ಅದಲ್ಲ. ನಮೂನೆ ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಟ್ಟಿದಾರೆ. ದಿಕ್ಕು ಯಾವುದು ಅಂತ ನಮೂನೆ ಕೇಳಲೇ ಇಲ್ಲ." ಐದು ಪ್ರತಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದಳು, ಕೊನೆಗೆ ಪಂಪಣ್ಣನ ನಮೂನೆಯ ಪ್ರತಿ. "ಇವರೆಲ್ಲ ಇದೇ ಕಟ್ಟಡದವರು. ಐವರಲ್ಲಿ ದಿಕ್ಕು ಅಂತ ಓದಿದ್ದು ಒಬ್ಬ."

ಮುಖ್ಯಸ್ಥರು ಒಂದೊಂದೇ ಕಾಗದ ನೋಡಿದರು. ಡ್ರೈವರನ ಕಾಗದ ಬಂದಾಗ ಅವರ ಮೀಸೆ ಅಲುಗಿತು. ಕೊನೆಯದರ ಹತ್ತಿರ ನಿಂತರು. "ಈ ಕೆಂಪು ಅಂಕ ಯಾರು ಹಾಕಿದ್ದು?"

"ನಮ್ಮತ್ತೆ ಸರ್."

"ಐದಕ್ಕೆ ಎರಡು. ಸ್ವಲ್ಪ ಕಠಿಣ."

"ಮರುಮೌಲ್ಯಮಾಪನ ಇಲ್ಲ ಸರ್ ಅವರ ಹತ್ರ."

ಅನುಮಾನಪ್ಪ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಇದನ್ನ ಹೀಗೆ ಬರೆದ್ರೆ ನಿಮ್ಮ ಹದಿನೆಂಟು ವರ್ಷದ ದಾಖಲೆ..."

"ನಮೂನೆ ಬರೆದದ್ದು ನಾನು. ತುಂಬಿ ಬಂದದ್ದನ್ನ ಓದಿ, ಸರಿ ಅಂತ ಸಹಿ ಹಾಕಿದ್ದೂ ನಾನು. ಎರಡು ಸಲ ಅವಕಾಶ ಸಿಕ್ಕಿತ್ತು, ಎರಡು ಸಲವೂ ನೋಡಲಿಲ್ಲ. ಅದು ನಿಜ. ಬೇರೆ ಏನು ಬರೆದ್ರೂ ಅಂಕಿ ತಿದ್ದಿದ ಹಾಗೆ." ಅವಳು ಹೊಡೆದುಹಾಕಿದ ಸಾಲಿನ ಮೇಲೆ ಹೊಸದಾಗಿ ಬರೆದಳು: 'ಕಚೇರಿಯ ನಮೂನೆಯ ದೋಷ. ತಯಾರಿಸಿದವರು ಹಾಗೂ ಪರಿಶೀಲಿಸಿದವರು: ಕೆಳಗೆ ಸಹಿ ಮಾಡಿರುವವರು.' ಕೆಳಗೆ ಸಹಿ ಹಾಕಿದಳು.

ಮುಖ್ಯಸ್ಥರು ಗೋಡೆ ಗಡಿಯಾರ ನೋಡಿದರು. ಅನುಮಾನಪ್ಪ ತನ್ನದನ್ನು ನೋಡಿಕೊಂಡ. ನಾಲ್ಕಕ್ಕೆ ಎರಡು ನಿಮಿಷವಿತ್ತು. ಮೊಹರು ಒಂಬತ್ತು ಸಾಲಿನ ಪಟ್ಟಿಯ ಮೇಲೆ ಬಿತ್ತು.

"ಇವತ್ತಿನಿಂದ ಒಂದು ವರ್ಷ," ಅಂದರು ಮುಖ್ಯಸ್ಥರು, ಎದ್ದೇಳುತ್ತಾ, "ನಿಮ್ಮ ಸಹಿಯ ಪಕ್ಕದಲ್ಲಿ ಇವನದೂ ಇರಬೇಕು. ನಿಮಗಿಬ್ಬರಿಗೂ ದೇವರು ತಾಳ್ಮೆ ಕೊಡಲಿ."

ಅವರು ಹೋದ ಮೇಲೆ ಅವಳು ಪಂಪಣ್ಣನಿಗೆ ಫೋನ್ ಮಾಡಿ ಎರಡೇ ಮಾತು ಹೇಳಿದಳು. "ಛಾವಣಿ ಮೇಲೆ ಬಿಳಿ ಪೇಂಟಲ್ಲಿ ದೊಡ್ಡ ಬಾಣ ಬರೀತಿದೀನಿ ತಂಗೀ," ಅಂದರು. "ಪಕ್ಕದಲ್ಲಿ ಉತ್ತರ ಅಂತ ಬರೆಯೋದಾ, ಬೇಡವಾ?"

"ಉತ್ತರ ದಿಕ್ಕು ಅಂತ ಬರೀರಿ ಅಣ್ಣಾ. ಪೇಂಟಲ್ಲಿ ಜಿಪುಣತನ ಮಾಡಬೇಡಿ."

ಚೀಲದಿಂದ ಬಸ್ಸಿನಲ್ಲಿ ಬರೆದಿದ್ದ ಹೊಸ ನಮೂನೆ ತೆಗೆದಳು. ಎರಡು ಪುಟ, ಪ್ರತಿ ಸಾಲಿಗೂ ಸಂಖ್ಯೆ. ಸಹಿ ಹಾಕಿ ಅನುಮಾನಪ್ಪನ ಕಡೆ ಸರಿಸಿದಳು. ಅವನು ಪೆನ್ನಿನ ಕ್ಯಾಪು ತೆಗೆದು, ಮತ್ತೆ ಹಾಕಿ, ನಾಲ್ಕನೇ ಸಾಲನ್ನು ಬೆರಳಿಟ್ಟು ಓದಿದ.

"'ಆಂಟೆನಾದ ಅಂಚಿನಲ್ಲಿರುವ ಬಾಣ ಯಾವ ದಿಕ್ಕಿಗೆ ಮುಖ ಮಾಡಿದೆ? ದಿಕ್ಕಿನ ಹೆಸರು ಬರೆಯಿರಿ.' ಅಕ್ಕಾ, ಅಂಚು ಅಂದ್ರೆ ಮೇಲಿನ ಅಂಚೋ, ಕೆಳಗಿನದೋ? ಕೆಳಗಡೆ ತಯಾರಕರ ಗುರುತೂ ಒಂದಿದೆ, ಅದೂ ಬಾಣದ ಥರಾನೇ ಕಾಣುತ್ತೆ."

ವಾರದ ಹಿಂದಾಗಿದ್ದರೆ ಇನ್ನೊಂದು ಕ್ಯಾಪು ಮುರಿಯುತ್ತಿತ್ತು. ಅವಳು ಕಾಗದ ವಾಪಸ್ ಎಳೆದುಕೊಂಡು 'ಮೇಲಿನ' ಎಂಬ ಪದ ಸೇರಿಸಿದಳು.

"ಇನ್ನೇನಿದೆ, ಹೇಳು."

"ಐದನೇ ಸಾಲಿನಲ್ಲಿ..."

ಗೋಡೆಯ ಪರದೆಯಲ್ಲಿ ನಾಲ್ಕು ಹನ್ನೆರಡಕ್ಕೆ ಏಳನೇ ಸಾಲು ಹಸಿರಾಯಿತು. ಹೊಸ ಉಪಗ್ರಹವೊಂದು ದಕ್ಷಿಣದಲ್ಲಿ ಹುಟ್ಟಿತ್ತು. ಇನ್ನು ನಲವತ್ತು ನಿಮಿಷ ಅದು ಬೇರೆ ಯಾವ ಕೇಂದ್ರಕ್ಕೂ ಕಾಣುವುದಿಲ್ಲ. ಇಬ್ಬರೂ ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಐದನೇ ಸಾಲಿಗೆ ಬಗ್ಗಿದರು.